ಪಿಕಪ್‌ಗೆ ಹೊಸ ಬಲ್ಬ್ ಹಾಕಿಸುವ ಮುಂಚೆ ಹೋಲ್ಡರ್‌ನಲ್ಲಿ ವೋಲ್ಟ್ ಅಳೆಯಿರಿ

ಪಿಕಪ್‌ನ ಹೆಡ್‌ಲೈಟ್ ಮಂಕು ಅಂತ ಯಾರಾದರೂ ಬಾಯಿಬಿಟ್ಟರೆ ಸಾಕು, ಮುಂದಿನ ಮಾತೆಲ್ಲ ಎಲ್‌ಇಡಿಯದೇ. ಯಾವ ಕಂಪನಿ, ಎಷ್ಟು ಲ್ಯೂಮೆನ್ (ಬಲ್ಬ್ ಕೊಡುವ ಒಟ್ಟು ಬೆಳಕಿನ ಅಳತೆ), ಎಷ್ಟು ಬಿಳಿ. ಈಗಿರುವ ಬಲ್ಬ್‌ಗೆ ಕರೆಂಟ್ ಸರಿಯಾಗಿ ತಲುಪುತ್ತಿದೆಯಾ ಅಂತ ಮಾತ್ರ ಯಾರೂ ಕೇಳುವುದಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬಲ್ಬ್ ಬದಲಿಸುವುದು ಈ ಕೆಲಸದಲ್ಲಿ ಕೊನೆಗೆ ಬರಬೇಕು. ಅದಕ್ಕೂ ಮೊದಲು ವೈರಿಂಗ್, ಹೆಡ್‌ಲೈಟಿನ ಗ್ಲಾಸು, ಬೀಮ್‌ನ ಎತ್ತರ ಇವಿಷ್ಟನ್ನು ನೋಡಬೇಕು. ಇವು ಸರಿಯಾದ ಮೇಲೆ ಎಷ್ಟೋ ಗಾಡಿಗಳಿಗೆ ಹೊಸ ಬಲ್ಬಿನ ಅಗತ್ಯವೇ ಬೀಳುವುದಿಲ್ಲ. ನನ್ನ ಪಿಕಪ್‌ನಲ್ಲಿ ಈಗಲೂ ಇರುವುದು ಮಾಮೂಲಿ 60/55 ವ್ಯಾಟ್‌ನ ಎಚ್4 ಹ್ಯಾಲೊಜೆನ್, ಅಂದರೆ ಹೈ ಬೀಮ್ (60) ಮತ್ತು ಲೋ ಬೀಮ್ (55) ಎರಡೂ ಒಂದರಲ್ಲೇ ಇರುವ ಬಲ್ಬ್. ರಾತ್ರಿ ಓಡಿಸುವಾಗ ನನಗೆ ಅದು ಸಾಕಾಗುತ್ತಿದೆ.

ಹ್ಯಾಲೊಜೆನ್ ಬಲ್ಬಿನ ಒಂದು ಗುಣ ಗೊತ್ತಿರಬೇಕು. ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ತುಂಬಾ ಜಾಸ್ತಿ ಇಳಿಯುತ್ತದೆ. 10% ವೋಲ್ಟೇಜ್ ಹೋದರೆ ಬೆಳಕಿನಲ್ಲಿ ಸುಮಾರು 30% ಹೋಗುತ್ತದೆ. ಎಂಜಿನ್ ಓಡುವಾಗ ಬ್ಯಾಟರಿಯ ಹತ್ತಿರ 14 ವೋಲ್ಟ್ ಇದ್ದು ಹೋಲ್ಡರ್‌ಗೆ ಬರುವಷ್ಟರಲ್ಲಿ 12.5 ಆಗಿದೆ ಅಂದುಕೊಳ್ಳಿ. ಮೂರನೇ ಒಂದು ಪಾಲು ಬೆಳಕು ದಾರಿಯಲ್ಲೇ ಖರ್ಚಾಯಿತು. ಬಲ್ಬ್ ಬದಲಿಸಿ ಅದನ್ನು ವಾಪಸ್ ತರೋಕೆ ಆಗುತ್ತಾ? ಹೊಸ ಹ್ಯಾಲೊಜೆನ್ ಹಾಕಿದರೂ ಅದೇ 12.5 ವೋಲ್ಟೇ ಸಿಗುವುದು.

ದಾರಿಯಲ್ಲಿ ಯಾಕೆ ಸೋರುತ್ತದೆ? ಹಳೆಯ ಗಾಡಿಗಳಲ್ಲಿ ಕರೆಂಟ್ ಬ್ಯಾಟರಿಯಿಂದ ಹೊರಟು, ಸಣ್ಣ ವೈರ್‌ನಲ್ಲಿ ಡ್ಯಾಶ್‌ಬೋರ್ಡ್ ತನಕ ಬಂದು, ಸ್ವಿಚ್ ದಾಟಿ, ಸ್ಟೀರಿಂಗ್ ಪಕ್ಕದ ಡಿಪ್ಪರ್ ದಾಟಿ, ಮತ್ತೆ ಮುಂದಕ್ಕೆ ಹೋಗುತ್ತದೆ. ಪ್ರತಿ ಜಾಯಿಂಟ್‌ನಲ್ಲೂ ಸ್ವಲ್ಪ ಸ್ವಲ್ಪ ಕಳೆಯುತ್ತದೆ. ಅದರ ಮೇಲೆ ಪಿಕಪ್ ಅಂದರೆ ಕೆಸರು, ನೀರು, ಧೂಳು. ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿಯಾಗಿ (ಅದೇ ಅರ್ತ್) ಗಾಡಿಯ ಲೋಹದ ಮೈಗೆ ಬಿಗಿದಿರುವ ಬೋಲ್ಟ್ ತುಕ್ಕು ಹಿಡಿದಿರುತ್ತದೆ. ಎಲ್ಲರೂ ಪಾಸಿಟಿವ್ ವೈರ್ ನೋಡುತ್ತಾರೆ, ಅರ್ತ್ ಕಡೆ ತಿರುಗಿಯೂ ನೋಡುವುದಿಲ್ಲ.

ಅಳೆಯೋದು ಸುಲಭ. ಎಂಜಿನ್ ಸ್ಟಾರ್ಟ್ ಇರಲಿ, ಲೈಟ್ ಆನ್ ಇರಲಿ, ಬಲ್ಬ್ ಹೋಲ್ಡರ್‌ನಲ್ಲೇ ಇರಲಿ. ಬಲ್ಬ್ ತೆಗೆದು ಅಳೆದರೆ ಕರೆಂಟ್ ಹರಿಯುವುದೇ ಇಲ್ಲ, ಮೀಟರ್ ಸುಳ್ಳು ಸಮಾಧಾನ ಹೇಳುತ್ತದೆ. ಮಲ್ಟಿಮೀಟರ್‌ನ ಒಂದು ತುದಿಯನ್ನು ಬ್ಯಾಟರಿಯ ಪಾಸಿಟಿವ್‌ಗೆ, ಇನ್ನೊಂದನ್ನು ಹೋಲ್ಡರ್‌ನಲ್ಲಿ ಆಗ ಉರಿಯುತ್ತಿರುವ ಬೀಮ್‌ನ ಪಿನ್ನಿಗೆ ಹಿಂದಿನಿಂದ ಮುಟ್ಟಿಸಿ. ಬರುವ ಅಂಕಿಯೇ ನೀವು ಕಳೆದುಕೊಳ್ಳುತ್ತಿರುವ ವೋಲ್ಟ್. ಆಮೇಲೆ ಬ್ಯಾಟರಿ ನೆಗೆಟಿವ್‌ಗೂ ಹೋಲ್ಡರ್‌ನ ಅರ್ತ್ ಪಿನ್ನಿಗೂ ಹಾಗೇ ಮಾಡಿ. ಯಾವುದಾದರೂ ಒಂದು ಕಡೆ ಅರ್ಧ ವೋಲ್ಟ್ ದಾಟಿದರೆ ಕೆಲಸ ಅಲ್ಲಿದೆ ಅಂತ ಅರ್ಥ.

ಇದಕ್ಕೆ ಪರಿಹಾರ ರಿಲೇ ವೈರಿಂಗ್. ರಿಲೇ ಅಂದರೆ ಸಣ್ಣ ಕರೆಂಟಿನ ಸೂಚನೆಯಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್. ಬ್ಯಾಟರಿಯಿಂದ ನೇರವಾಗಿ ದಪ್ಪ ವೈರ್, ಬ್ಯಾಟರಿಯ ಹತ್ತಿರವೇ ಫ್ಯೂಸ್, ಲೋ ಬೀಮ್‌ಗೆ ಒಂದು ರಿಲೇ, ಹೈ ಬೀಮ್‌ಗೆ ಒಂದು. ಮೊದಲು ಬಲ್ಬಿಗೆ ಕರೆಂಟ್ ಕೊಡುತ್ತಿದ್ದ ಹಳೆಯ ಪ್ಲಗ್ ಈಗ ರಿಲೇಗೆ ಸೂಚನೆ ಕೊಡುವ ಕೆಲಸವನ್ನಷ್ಟೇ ಮಾಡುತ್ತದೆ. ಸ್ವಿಚ್ ಮತ್ತು ಡಿಪ್ಪರ್ ಮೇಲಿನ ಹೊರೆಯೂ ಇಳಿಯುತ್ತದೆ. ನಾನು ಹಾಕಿಸಿದ್ದು ಇದೇ, ಮತ್ತು ಯಾರು ಕೇಳಿದರೂ ಮೊದಲು ಹೇಳುವುದೂ ಇದನ್ನೇ. ಒಂದು ಎಚ್ಚರಿಕೆ ಮಾತ್ರ ಇದೆ. ಹೊಸ ಗಾಡಿಗಳಲ್ಲಿ ಕಂಪ್ಯೂಟರೇ ಲೈಟನ್ನು ನಿಯಂತ್ರಿಸುತ್ತದೆ. ಅಂಥದ್ದರಲ್ಲಿ ಸುಮ್ನೆ ವೈರ್ ಕತ್ತರಿಸೋಕೆ ಹೋಗಬೇಡಿ.

100/90 ವ್ಯಾಟ್ ಬಲ್ಬ್ ಹಾಕಿಸಿ ಅನ್ನುವವರು ಇನ್ನೂ ಇದ್ದಾರೆ. 60 ವ್ಯಾಟ್‌ನ ಬಲ್ಬ್ 12 ವೋಲ್ಟ್‌ನಲ್ಲಿ 5 ಆಂಪಿಯರ್ ಎಳೆಯುತ್ತದೆ. 100 ವ್ಯಾಟ್‌ನದು 8.3 ಆಂಪಿಯರ್. ವೈರ್ ಬಿಸಿಯಾಗುವುದು ಆಂಪಿಯರ್‌ನ ವರ್ಗದ ಲೆಕ್ಕದಲ್ಲಿ, ಅಂದರೆ ಹತ್ತಿರಹತ್ತಿರ 2.8 ಪಟ್ಟು. ಮೊದಲು ಹೋಲ್ಡರ್ ಕರಗುತ್ತದೆ, ಆಮೇಲೆ ರಿಫ್ಲೆಕ್ಟರ್‌ನ ಬೆಳ್ಳಿ ಬಣ್ಣದ ಲೇಪನ ಸುಟ್ಟು ಕಪ್ಪಾಗುತ್ತದೆ. ಲೇಪನ ಹೋದ ಮೇಲೆ ಎಂಥ ಬಲ್ಬ್ ಹಾಕಿದರೂ ಆ ಹೆಡ್‌ಲೈಟ್ ಮುಗಿದ ಕತೆ. ದಯವಿಟ್ಟು ಹಾಕಿಸಬೇಡಿ.

ಡಬ್ಬಿಯ ಮೇಲೆ '+150%' ಅಂತ ಬರೆದ ಹ್ಯಾಲೊಜೆನ್‌ಗಳ ವಿಷಯ ಬೇರೆ. ಅವು ಮೋಸ ಅಂತ ನಾನು ಹೇಳುವುದಿಲ್ಲ. ಆದರೆ ಆ 150 ಎಲ್ಲಿಂದ ಬಂತು ಅಂತ ತಿಳಿದುಕೊಂಡು ಕೊಳ್ಳಿ. ಯುರೋಪಿನ ನಿಯಮದ ಪ್ರಕಾರ ಎಚ್4 ಬಲ್ಬ್ 13.2 ವೋಲ್ಟ್‌ನಲ್ಲಿ ಲೋ ಬೀಮ್‌ಗೆ 1000 ಲ್ಯೂಮೆನ್, ಹೈ ಬೀಮ್‌ಗೆ 1650 ಲ್ಯೂಮೆನ್ ಕೊಡಬೇಕು. ಅದಕ್ಕಿಂತ 15% ಹೆಚ್ಚು ಅಥವಾ 15% ಕಮ್ಮಿ ಇರಬಹುದು, ಅಷ್ಟೇ. ಈ ಮಿತಿಯೊಳಗಿದ್ದುಕೊಂಡು ಒಟ್ಟು ಬೆಳಕನ್ನು ಒಂದೂವರೆ ಪಟ್ಟು ಹೆಚ್ಚಿಸೋಕೆ ಸಾಧ್ಯವೇ ಇಲ್ಲ. ಅವರು ಫಿಲಮೆಂಟನ್ನು (ಬಲ್ಬಿನೊಳಗೆ ಕಾದು ಬೆಳಗುವ ತಂತಿ) ಇನ್ನಷ್ಟು ಬಿಗಿಯಾಗಿ ಸುತ್ತಿ, ರಸ್ತೆಯ ಒಂದು ನಿರ್ದಿಷ್ಟ ಜಾಗಕ್ಕೆ ಬೆಳಕು ಜಾಸ್ತಿ ಬೀಳುವ ಹಾಗೆ ಮಾಡುತ್ತಾರೆ. ಅದು ದೂರದ ಜಾಗವಾದ್ದರಿಂದ ಉಪಯೋಗವಂತೂ ಇದೆ. ಬದಲಿಗೆ ಬಲ್ಬಿನ ಆಯಸ್ಸು ಚೆನ್ನಾಗಿ ಇಳಿಯುತ್ತದೆ. ನೀಲಿ ಬಣ್ಣ ಬಳಿದ ಹ್ಯಾಲೊಜೆನ್ ಮಾತ್ರ ಯಾವ ಕಾರಣಕ್ಕೂ ಬೇಡ. ಆ ಬಣ್ಣ ಬೆಳಕನ್ನೇ ತಿನ್ನುತ್ತದೆ.

ಈಗ ಎಲ್‌ಇಡಿ. ಎಚ್4 ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿ. ಗಾಜನ್ನು ಮುಟ್ಟಬೇಡಿ, ಬೆರಳಿನ ಎಣ್ಣೆಯಂಶ ಅಂಟಿದರೆ ಆ ಜಾಗ ವಿಪರೀತ ಕಾದು ಬಲ್ಬ್ ಬೇಗ ಹೋಗುತ್ತದೆ. ಒಳಗೆ ಲೋ ಬೀಮ್ ಫಿಲಮೆಂಟಿನ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲು ಕಾಣುತ್ತದೆ. ಬೆಳಕು ರಿಫ್ಲೆಕ್ಟರ್‌ನ ಮೇಲರ್ಧಕ್ಕೆ ಮಾತ್ರ ಬೀಳಲಿ ಅಂತ ಅದನ್ನು ಇಟ್ಟಿರುವುದು. ಎದುರಿನವರ ಕಣ್ಣಿಗೆ ಬೆಳಕು ಹೊಡೆಯದ ಹಾಗೆ ಒಂದು ಗೆರೆ ಹುಟ್ಟುವುದು ಅದರಿಂದ. ಇಡೀ ರಿಫ್ಲೆಕ್ಟರನ್ನು ಲೆಕ್ಕ ಹಾಕಿ ತಯಾರಿಸಿರುವುದು ಆ ತೆಳು ಫಿಲಮೆಂಟ್ ಇರುವ ಜಾಗಕ್ಕೆ. ಎಲ್‌ಇಡಿ ಬಲ್ಬ್‌ನಲ್ಲಿ ಚಿಪ್‌ಗಳು ಒಂದು ಪಟ್ಟಿಯ ಎರಡು ಪಕ್ಕದಲ್ಲಿ ಕೂತಿರುತ್ತವೆ. ಜಾಗ ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಬೀಮ್ ಕೆಡುತ್ತದೆ.

ಕೆಟ್ಟಿರುವುದು ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. ಬಂಪರ್ ಮುಂದಿನ ಹತ್ತಿಪ್ಪತ್ತು ಮೀಟರ್ ಹಾಲಿನ ಹಾಗೆ ಬೆಳ್ಳಗಾಗುತ್ತದೆ, ಮನಸ್ಸಿಗೆ ಖುಷಿಯಾಗುತ್ತದೆ. ಹತ್ತಿರ ಬೆಳಕು ಜಾಸ್ತಿಯಾದಾಗ ಕಣ್ಣಿನ ಪಾಪೆ ಕಿರಿದಾಗುತ್ತದೆ. ಆಗ ದೂರದ್ದು ಮೊದಲಿಗಿಂತ ಮಸುಕು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಏನೋ ಕಂಡು ಬ್ರೇಕ್ ಮೇಲೆ ಕಾಲಿಡಲು ಒಂದೂವರೆ ಸೆಕೆಂಡ್ ಅಂದರೂ 33 ಮೀಟರ್ ದಾಟಿಯಾಯಿತು. ಬ್ರೇಕ್ ಹಿಡಿಯುವುದು ಅದರ ನಂತರ. ಹೀಗಿರುವಾಗ 15 ಮೀಟರ್‌ನಲ್ಲಿ ಬಿದ್ದ ಬೆಳಕಿನಿಂದ ನಮಗೇನು ಸಿಕ್ಕಿತು?

ಲ್ಯೂಮೆನ್ ಎರಡು ಪಟ್ಟಾದರೆ ಎರಡು ಪಟ್ಟು ದೂರ ಕಾಣುತ್ತದೆ ಅನ್ನುವ ನಂಬಿಕೆಯೂ ತಪ್ಪು. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಎರಡು ಪಟ್ಟು ಬೆಳಕು ಕೊಟ್ಟರೂ ಅಷ್ಟೇ ಬೆಳಕು ತಲುಪುವ ದೂರ ಒಂದೂವರೆ ಪಟ್ಟನ್ನೂ ಮುಟ್ಟುವುದಿಲ್ಲ.

ಜರ್ಮನಿಯಲ್ಲಿ 2020ರಿಂದ ಕೆಲವು ಎಲ್‌ಇಡಿ ಬಲ್ಬ್‌ಗಳಿಗೆ ಅನುಮತಿ ಸಿಕ್ಕಿದೆ. ಆದರೆ ಅದು ಎಲ್ಲ ಗಾಡಿಗೂ ಸಿಕ್ಕ ಅನುಮತಿ ಅಲ್ಲ. ಇಂಥ ಬಲ್ಬ್ ಇಂಥ ಗಾಡಿಗೆ ಅಂತ ಪಟ್ಟಿ ಮಾಡಿದ್ದಾರೆ. ನನಗೆ ಈ ಕ್ರಮ ಸರಿ ಅನ್ನಿಸುತ್ತದೆ. ಬಲ್ಬ್ ಎಷ್ಟೇ ಒಳ್ಳೆಯದಾದರೂ ಅದು ಕೂರುವ ಹೆಡ್‌ಲೈಟಿನ ಜೊತೆ ಸೇರಿಸಿಯೇ ಪರೀಕ್ಷೆ ಮಾಡಬೇಕು, ಅಲ್ವಾ?

ಗ್ಲಾಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈಗಿನದು ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್, ಬಿಸಿಲಿಗೆ ಹಳದಿಯಾಗುತ್ತದೆ. ಪಾಲಿಶ್ ಮಾಡಿಸಿ, ಮೇಲೆ ಬಿಸಿಲಿನಿಂದ ಕಾಪಾಡುವ ಯುವಿ ಕೋಟಿಂಗ್ ಹಾಕಿಸಿ. ಕೋಟಿಂಗ್ ಬಿಟ್ಟರೆ ಬೇಗ ಮತ್ತೆ ಹಳದಿಯಾಗುತ್ತದೆ.

ಪಿಕಪ್ ಇಟ್ಟುಕೊಂಡವರು ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ್ದು ಬೀಮ್‌ನ ಎತ್ತರಕ್ಕೆ. ಲೆಕ್ಕ ನೋಡಿ. ಹೆಡ್‌ಲೈಟ್ ನೆಲದಿಂದ 90 ಸೆಂಟಿಮೀಟರ್ ಮೇಲಿದೆ, ಬೀಮ್‌ನ ಗೆರೆ 1% ಕೆಳಗೆ, ಅಂದರೆ ಮೀಟರಿಗೆ 1 ಸೆಂಟಿಮೀಟರಿನಂತೆ, ಬಾಗಿದೆ ಅಂದುಕೊಳ್ಳಿ. ಗಾಡಿ ಖಾಲಿ ಇದ್ದಾಗ 50 ಮೀಟರ್ ದೂರದಲ್ಲಿ ಆ ಗೆರೆ ನೆಲದಿಂದ 40 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಈಗ ಲೋಡ್ ಹಾಕಿ. ಹಿಂದಿನ ಭಾಗ 6 ಸೆಂಟಿಮೀಟರ್ ಕುಸಿಯಿತು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 3 ಮೀಟರ್ ಅಂತರವಿದ್ದರೆ ಗಾಡಿಯ ಮೂತಿ 2% ಮೇಲೆದ್ದಿತು. 1% ಕೆಳಗಿದ್ದ ಬೀಮ್ ಈಗ 1% ಮೇಲೆ. ಅದೇ 50 ಮೀಟರ್‌ನಲ್ಲಿ ಗೆರೆ 140 ಸೆಂಟಿಮೀಟರ್‌ಗೆ ಏರಿದೆ. ಎದುರಿನ ಕಾರಿನವರ ಕಣ್ಣು ಆ ಗೆರೆಗಿಂತ ಕೆಳಗೇ ಇರುತ್ತದೆ, ಬೈಕಿನವರದ್ದೂ ಬಹುತೇಕ ಅಲ್ಲೇ. ಲೋ ಬೀಮ್ ಹಾಕಿದ್ದೇನೆ ಅಂತ ನಾವು ನೆಮ್ಮದಿಯಾಗಿರುತ್ತೇವೆ, ಅವರಿಗೆ ರಸ್ತೆಯೇ ಕಾಣುತ್ತಿರುವುದಿಲ್ಲ. ಇದರ ಮೇಲೆ ಜಾಸ್ತಿ ಬೆಳಕಿನ ಬಲ್ಬ್ ಬೇರೆ ಹಾಕಿದರೆ ಏನಾಗಬಹುದು ಯೋಚಿಸಿ. ಈ ಒಂದು ವಿಷಯದಲ್ಲಿ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ನಮ್ಮ ಅನುಕೂಲಕ್ಕೆ ಹಾಕಿಸಿದ ಬೆಳಕು ಇನ್ನೊಬ್ಬರ ಪ್ರಾಣ ತೆಗೆಯಬಾರದು.

ಸಮತಟ್ಟಾದ ಜಾಗದಲ್ಲಿ, ಗೋಡೆಯಿಂದ 10 ಮೀಟರ್ ದೂರ, ಖಾಲಿ ಗಾಡಿ ನಿಲ್ಲಿಸಿ. ಟೈರ್‌ಗಳಲ್ಲಿ ಗಾಳಿ ಸರಿಯಾಗಿರಲಿ. ಡ್ಯಾಶ್‌ಬೋರ್ಡ್‌ನಲ್ಲಿ ಲೈಟ್ ಲೆವೆಲಿಂಗ್ ನಾಬ್ (ಬೀಮನ್ನು ಮೇಲೆ ಕೆಳಗೆ ಮಾಡುವ ತಿರುಪು) ಇದ್ದರೆ 0ಗೆ ಇಡಿ. ಹೆಡ್‌ಲೈಟ್ ಪಕ್ಕದ ಸ್ಟಿಕರ್‌ನಲ್ಲಿ 1% ಅಂತ ಇದ್ದರೆ, ಗೋಡೆಯ ಮೇಲಿನ ಗೆರೆ ಬಲ್ಬಿನ ಎತ್ತರಕ್ಕಿಂತ 10 ಸೆಂಟಿಮೀಟರ್ ಕೆಳಗಿರಬೇಕು. ಬೇರೆ ಅಂಕಿ ಇದ್ದರೆ ಅದರ ಲೆಕ್ಕ. ಆಮೇಲೆ ನೀವು ದಿನಾ ಹಾಕುವಷ್ಟು ಲೋಡ್ ಹಾಕಿ ಅದೇ ಜಾಗದಲ್ಲಿ ನಿಲ್ಲಿಸಿ, ಗೆರೆ ಎಲ್ಲಿಗೆ ಏರಿತು ನೋಡಿ. ನಾಬನ್ನು 1, 2, 3ಕ್ಕೆ ತಿರುಗಿಸುತ್ತಾ ಹೋಗಿ. ಯಾವ ಅಂಕಿಗೆ ಗೆರೆ ಮೊದಲಿನ ಜಾಗಕ್ಕೆ ಇಳಿಯುತ್ತದೋ ಲೋಡ್ ಇರುವಾಗ ಅದನ್ನೇ ಇಡಿ. ನಾಬ್ ತಿರುಗಿಸಿದರೂ ಗೆರೆ ಅಲ್ಲಾಡದಿದ್ದರೆ ಒಳಗಿನ ಮೋಟಾರ್ ಕೆಟ್ಟಿರಬಹುದು. ಎಲ್‌ಇಡಿಗೆ ಅಂತ ಎತ್ತಿಟ್ಟ ದುಡ್ಡಿನಲ್ಲಿ ಮೊದಲು ಅದನ್ನು ಸರಿಮಾಡಿಸಿ.