ಸ್ಪಷ್ಟನೆ: ಕ್ರಿಸ್ ಹೋಯ್ ಅವರ ಕ್ಯಾನ್ಸರ್‌ಗೆ ಸೈಕಲ್ ಕಾರಣವಲ್ಲ

"ಒಲಿಂಪಿಕ್ಸ್ ಚಾಂಪಿಯನ್ ಕ್ರಿಸ್ ಹೋಯ್‌ಗೆ ಸೈಕಲ್ ಸೀಟಿನಿಂದಲೇ ಕ್ಯಾನ್ಸರ್ ಬಂತು, 40 ದಾಟಿದವರು ಸೈಕಲ್ ಬಿಡಿ" ಎಂಬ ಮೆಸೇಜ್ ಬಳ್ಳಾರಿಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ದಿನಾ ಬೆಳಿಗ್ಗೆ ಸಂಗನಕಲ್ಲು ಕಡೆ ಸೈಕಲ್ ತುಳಿಯುವ ನಮ್ಮ ಹಿರಿಯರೊಬ್ಬರು ಇದನ್ನು ಓದಿ ಸೈಕಲ್ ಮೂಲೆಗಿಟ್ಟರು. ತುಂಬಾ ಬೇಸರವಾಯಿತು. ಈ ಮಾತು ತಪ್ಪು. ದಯವಿಟ್ಟು ಮುಂದೆ ಕಳಿಸಬೇಡಿ.

ಹೋಯ್ ಸ್ಕಾಟ್ಲೆಂಡಿನವರು, ಸೈಕ್ಲಿಂಗ್‌ನಲ್ಲಿ 6 ಒಲಿಂಪಿಕ್ಸ್ ಚಿನ್ನ ಗೆದ್ದವರು. 2023ರಲ್ಲಿ ಭುಜ ನೋವೆಂದು ಸ್ಕ್ಯಾನ್ ಮಾಡಿಸಿದಾಗ ಗಡ್ಡೆ ಕಂಡಿತು. ಪ್ರಾಸ್ಟೇಟ್‌ನಲ್ಲಿ (ಗಂಡಸರಿಗೆ ಮೂತ್ರಕೋಶದ ಕೆಳಗಿರುವ ಗ್ರಂಥಿ) ಶುರುವಾದ ಕ್ಯಾನ್ಸರ್ ಮೂಳೆಗೆ ಹರಡಿತ್ತು. ವಾಸಿಯಾಗುವ ಹಂತ ದಾಟಿದೆ ಎಂದು 2024ರ ಅಕ್ಟೋಬರ್‌ನಲ್ಲಿ ಅವರೇ ತಿಳಿಸಿದರು. ಅವರ ತಂದೆಗೂ ತಾತನಿಗೂ ಇದೇ ಕಾಯಿಲೆ ಬಂದಿತ್ತು. ಮೆಸೇಜ್‌ನಲ್ಲಿ ಇಲ್ಲದಿರುವುದು ಇದೇ, ಮುಖ್ಯವಾದದ್ದೂ ಇದೇ ಅಲ್ವಾ? ಅಪ್ಪನಿಗೋ ಅಣ್ಣತಮ್ಮಂದಿರಿಗೋ ಬಂದಿದ್ದರೆ ನಮಗೂ ಅಪಾಯ ಜಾಸ್ತಿ. ಅಂಥವರು 45ರ ಹೊತ್ತಿಗೆ ಪ್ರಾಸ್ಟೇಟ್ ತೊಂದರೆಯ ಸುಳಿವು ಕೊಡುವ ಪಿಎಸ್‌ಎ ರಕ್ತಪರೀಕ್ಷೆ ಬಗ್ಗೆ ಡಾಕ್ಟರನ್ನು ಕೇಳಬೇಕು.

ಸೈಕಲ್‌ನಿಂದ ಈ ಕ್ಯಾನ್ಸರ್ ಬರುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಪರೀಕ್ಷೆಗೆ ಮುಂಚಿನ 2 ದಿನ ಮಾತ್ರ ತುಳಿಯಬೇಡಿ, ಪಿಎಸ್‌ಎ ಸ್ವಲ್ಪ ಹೆಚ್ಚು ತೋರಿಸಬಹುದು.

ಕಾಯಿಲೆ ಗೊತ್ತಾದ ಮೇಲೂ ಹೋಯ್ ಸೈಕಲ್ ಬಿಡಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಗ್ಲಾಸ್ಗೋದಲ್ಲಿ ಕ್ಯಾನ್ಸರ್ ನೆರವಿಗಾಗಿ ಸಾವಿರಾರು ಜನರನ್ನು ಸೇರಿಸಿ ಸೈಕಲ್ ಸವಾರಿ ನಡೆಸಿದರು.