ಅಕ್ಕನ ಸಾಕ್ಷಿ: ಮನೋವಿಜ್ಞಾನ ನಿಜಕ್ಕೂ ವಿಜ್ಞಾನವೇ?

ಪರ

ಕಳೆದ ಬೇಸಿಗೆಯಲ್ಲಿ ದಾವಣಗೆರೆಯ ವಿದ್ಯಾನಗರದಲ್ಲಿರುವ ಅಕ್ಕನ ಮನೆಗೆ ಹೋದಾಗ ಟೀಪಾಯಿಯ ಮೇಲೆ ಬಣ್ಣಬಣ್ಣದ ವರದಿಯೊಂದು ಬಿದ್ದಿತ್ತು. ಯಾರೋ ಬಂದು ಏಳನೆಯ ತರಗತಿಯ ಅವಳ ಮಗನ ಹತ್ತೂ ಬೆರಳುಗಳ ಅಚ್ಚು ತೆಗೆದುಕೊಂಡು, ಅವನ ಬುದ್ಧಿ ಯಾವ ಕಡೆ ಹರಿಯುತ್ತದೆ, ಮುಂದೆ ಏನು ಓದಿಸಬೇಕು ಎಂದೆಲ್ಲ ಬರೆದುಕೊಟ್ಟಿದ್ದರು. ನಾಲ್ಕು ಸಾವಿರ ರೂಪಾಯಿ.

‘ನಮ್ಮ ಹುಡುಗನನ್ನು ಹುಟ್ಟಿದಾಗಿನಿಂದ ಕಂಡವರ ಹಾಗೆ ಬರೆದಿದ್ದಾರೆ ನೋಡೋ’ ಎಂದಳು ಅಕ್ಕ. ನೋಡಿದೆ. ನಾಲ್ಕು ಜನರ ಮೆಚ್ಚುಗೆ ಇವನಿಗೆ ಬೇಕಂತೆ. ಮೇಲೆ ಧೈರ್ಯ, ಒಳಗೆ ಅಳುಕು. ಶಕ್ತಿ ಬಹಳವಿದೆ, ಇನ್ನೂ ಬಳಸಿಕೊಂಡಿಲ್ಲ.

ಪಕ್ಕದ ಮನೆಯ ಹುಡುಗಿಗೂ ಇಂಥದೇ ವರದಿ ಬಂದಿತ್ತು. ಅದನ್ನು ಕೇಳಿ ತಂದು, ‘ಅವಳು’ ಇದ್ದಲ್ಲೆಲ್ಲ ‘ಅವನು’ ಮಾಡಿ ಎರಡು ಪುಟ ಜೋರಾಗಿ ಓದಿದೆ. ಈಳಿಗೆಯಲ್ಲಿ ಬದನೆಕಾಯಿ ಹೆಚ್ಚುತ್ತಿದ್ದ ಅಕ್ಕ ಕೈ ನಿಲ್ಲಿಸಿ, ‘ಹೌದು ಕಣೋ, ಥೇಟ್ ಇವನೇ. ಈ ಪುಟ ನಾನು ಓದಿಯೇ ಇರಲಿಲ್ಲ’ ಎಂದಳು. ಯಾರದೆಂದು ಹೇಳಿದ ಮೇಲೆ ಸ್ವಲ್ಪ ಹೊತ್ತು ನನ್ನೊಡನೆ ಮಾತನಾಡಲಿಲ್ಲ.

ಈ ಉಪಾಯ ನನ್ನದಲ್ಲ. 1948ರಲ್ಲಿ ಬರ್ಟ್ರಂ ಫೋರರ್ ಎಂಬ ಅಮೆರಿಕದ ಮನೋವಿಜ್ಞಾನಿ ತನ್ನ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ಪ್ರತಿಯೊಬ್ಬರಿಗೂ ‘ನಿಮ್ಮದೇ’ ಎಂದು ಫಲಿತಾಂಶ ಹಂಚಿದ. ಎಷ್ಟು ಸರಿಯಾಗಿದೆ ಎಂದು ಐದಕ್ಕೆ ಅಂಕ ಕೊಡಲು ಹೇಳಿದರೆ ಸರಾಸರಿ 4.26 ಬಂತು. ಎಲ್ಲರ ಕೈಯಲ್ಲಿದ್ದದ್ದೂ ಒಂದೇ ಬರಹ. ಅದರ ಸಾಲುಗಳನ್ನು ಫೋರರ್ ಆಯ್ದುಕೊಂಡದ್ದು ಜ್ಯೋತಿಷ್ಯದ ಅಗ್ಗದ ಪುಸ್ತಕವೊಂದರಿಂದ.

ಬೆರಳಚ್ಚಿನವರ ಗುಟ್ಟನ್ನು ಹೀಗೆ ಬಯಲು ಮಾಡಿಕೊಟ್ಟದ್ದು ಮನೋವಿಜ್ಞಾನವೇ. ಬೆರಳಿನ ಗೆರೆಗಳು ಮಗು ಗರ್ಭದಲ್ಲಿರುವಾಗಲೇ ಮೂಡಿ ಹಾಗೆಯೇ ಉಳಿಯುತ್ತವೆ. ಊಟ, ಮನೆ, ಮೇಷ್ಟ್ರು ಯಾವುದಕ್ಕೂ ಬದಲಾಗದ ಗೆರೆ, ಬೆಳೆಯುತ್ತಲೇ ಇರುವ ಹುಡುಗನ ಕಲಿಕೆಯನ್ನು ಹೇಗೆ ಹೇಳೀತು? ಭಾರತೀಯ ಮನೋವೈದ್ಯರ ಸಂಘವೂ ಇದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಹೇಳಿದೆ. ಇದಕ್ಕೆದುರಾಗಿ ಮನೋವಿಜ್ಞಾನಿ ವಿ.ವಿ. ಕಾಮತರು 1930ರ ದಶಕದಲ್ಲಿ ಪಟ್ಟ ಪಾಡನ್ನು ನೋಡಿ. ಫ್ರಾನ್ಸಿನ ಬಿನೆಯ ಬುದ್ಧಿಪರೀಕ್ಷೆಯನ್ನು ಸುಮ್ಮನೆ ಅನುವಾದಿಸದೆ, ಕನ್ನಡ ಮತ್ತು ಮರಾಠಿ ಮಕ್ಕಳನ್ನು ಕೂರಿಸಿ ಕೇಳಿ, ಯಾವ ಪ್ರಶ್ನೆ ಯಾವ ವಯಸ್ಸಿಗೆ ಎಂದು ನಿಗದಿ ಮಾಡಿದರು. ತಪ್ಪಾಗಬಹುದೆಂಬ ಅಂಜಿಕೆ ಇದ್ದವನು ಮಾತ್ರ ಇಷ್ಟು ಕಷ್ಟಪಡುತ್ತಾನೆ. ಬೆರಳಚ್ಚಿನವರಿಗೆ ಆ ಅಂಜಿಕೆಯೇ ಇಲ್ಲ.

ವಿರೋಧ

ನಾನು ಇದೇ ಊರಿನಲ್ಲಿ ಭೌತಶಾಸ್ತ್ರ ಕಲಿಸುವವನು. ಗೆಳೆಯರ ಬದನೆಕಾಯಿ ಪ್ರಯೋಗ ರುಚಿಯಾಗಿದೆ. ಆದರೆ ಒಬ್ಬಳೇ ಅಕ್ಕ, ಒಂದೇ ಸಂಜೆ! ನನ್ನ ಪ್ರಯೋಗಾಲಯದಲ್ಲಿ ಲೋಲಕವನ್ನು ಒಂದೇ ಸಲ ತೂಗಿ ಅಂಕಿ ಬರೆದುಕೊಂಡ ಹುಡುಗನನ್ನು ನಾನು ಹೊರಗೆ ಕಳಿಸುತ್ತೇನೆ.

ಇದು ಕುಹಕವಲ್ಲ, ಆ ಶಾಸ್ತ್ರದ ದೊಡ್ಡ ಕಾಯಿಲೆಯೇ ಇದು. ಹೆಸರಾಂತ ಪತ್ರಿಕೆಗಳಲ್ಲಿ ಅಚ್ಚಾಗಿದ್ದ ನೂರು ಮನೋವೈಜ್ಞಾನಿಕ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿ 2015ರಲ್ಲಿ ಲೆಕ್ಕ ಒಪ್ಪಿಸಿದರು. ಮೂಲದಲ್ಲಿ 97 ಗೆದ್ದಿದ್ದವು, ಎಂದರೆ ಹುಡುಕಿದ ಪರಿಣಾಮ ಅವುಗಳಲ್ಲಿ ಕಂಡಿತ್ತು. ಎರಡನೆಯ ಸುತ್ತಿನಲ್ಲಿ ಗೆದ್ದದ್ದು ಶೇಕಡಾ 36ರಷ್ಟು. ಈ ತಪ್ಪನ್ನು ಮನೋವಿಜ್ಞಾನಿಗಳೇ ಕಂಡುಹಿಡಿದರಲ್ಲ ಎನ್ನುತ್ತಾರೆ ಗೆಳೆಯರು, ಎದುರಿಗೆ ಕೂತಾಗ. ಕಳ್ಳನನ್ನು ಮನೆಯವರೇ ಹಿಡಿದರು, ಒಪ್ಪಿದೆ. ಕಳ್ಳನೂ ಮನೆಯವನೇ ಆಗಿದ್ದ.

ನಮ್ಮ ಎಪಿಎಂಸಿಗೆ ಮೆಕ್ಕೆಜೋಳದ ಸುಗ್ಗಿಯಲ್ಲಿ ಒಮ್ಮೆ ಹೋಗಿ ಬನ್ನಿ. ಹಿಡಿ ಕಾಳು ಯಂತ್ರಕ್ಕೆ ಸುರಿದರೆ ತೇವ ಇಷ್ಟು ಎಂದು ಅಂಕಿ ಬರುತ್ತದೆ. ರೈತನಿಗೆ ಅನುಮಾನ ಬಂದರೆ ಪಕ್ಕದ ಅಂಗಡಿಯ ಯಂತ್ರಕ್ಕೂ ಅದೇ ಕಾಳು ಸುರಿಸುತ್ತಾನೆ. ಎರಡು ಅಂಕಿಗಳ ನಡುವೆ ಬಹಳ ಅಂತರ ಬಂದರೆ ಅಲ್ಲೇ ಜಗಳ. ನನ್ನ ವಿದ್ಯಾರ್ಥಿಯೊಬ್ಬ ಪರೀಕ್ಷೆಯ ಭಯಕ್ಕೆಂದು ಇಬ್ಬರು ಆಪ್ತಸಮಾಲೋಚಕರನ್ನು ಕಂಡಿದ್ದ. ಒಬ್ಬರು ಆತಂಕ ಎಂದರು, ಇನ್ನೊಬ್ಬರು ಏಕಾಗ್ರತೆಯ ಕೊರತೆ ಎಂದರು. ಜಗಳ ಆಗಲಿಲ್ಲ, ಇಬ್ಬರಿಗೂ ಶುಲ್ಕ ಕೊಟ್ಟು ಬಂದ. ಕಾಮತರ ಶ್ರಮಕ್ಕೆ ನನ್ನ ನಮಸ್ಕಾರ. ಆದರೆ 1930ರ ದಶಕದ ಮಕ್ಕಳ ಮೇಲೆ ಕೊರೆದ ಅಳತೆಗೋಲನ್ನು ಟಿವಿ, ಮೊಬೈಲ್ ಕಂಡ ಮಕ್ಕಳಿಗೂ ಹಿಡಿದವರು ಯಾರು?

ಇನ್ನು ಬೆರಳಚ್ಚು. ಅದು ಕಳ್ಳಮಾಲು, ನಿಜ. ಆದರೆ ಯಾವ ಉಗ್ರಾಣದ್ದು? ಆ ವರದಿಯಲ್ಲಿರುವ ‘ಬಹುಮುಖ ಬುದ್ಧಿವಂತಿಕೆ’, ಅಂದರೆ ಬುದ್ಧಿ ಒಂದೇ ಅಲ್ಲ, ಹಲವು ಬಗೆಯದು ಎನ್ನುವುದು, 1983ರಲ್ಲಿ ಹೊವಾರ್ಡ್ ಗಾರ್ಡ್ನರ್ ಎಂಬ ಮನೋವಿಜ್ಞಾನಿ ಮುಂದಿಟ್ಟ ಮಾತು. ಬೆರಳಚ್ಚಿನ ವ್ಯಾಪಾರವನ್ನು ಅವರು ಒಪ್ಪಿಲ್ಲ ಎನ್ನುವುದನ್ನೂ ಹೇಳಿಬಿಡಬೇಕು. ಆದರೆ ಅವರ ಸಿದ್ಧಾಂತಕ್ಕೇ ಗಟ್ಟಿ ಪುರಾವೆ ಸಾಲದೆಂದು ಅವರ ಕ್ಷೇತ್ರದವರೇ ತಕರಾರು ಎತ್ತುತ್ತ ಬಂದಿದ್ದಾರೆ. ಅಷ್ಟರಲ್ಲಿ ಅದು ಶಿಕ್ಷಕರ ತರಬೇತಿಯ ಪಾಠವೂ ಆಗಿಹೋಯಿತು.

ನನಗೆ ‘ಮನಃಶಾಸ್ತ್ರ’ ಎಂಬ ಹಳೆಯ ಹೆಸರೇ ಇಷ್ಟ. ಭೌತಶಾಸ್ತ್ರವೂ ಶಾಸ್ತ್ರವೇ, ಗಿಳಿಶಾಸ್ತ್ರವೂ ಶಾಸ್ತ್ರವೇ. ಇದು ನಡುವೆ ಎಲ್ಲೋ ಇದೆ. ಎಲ್ಲಿ ಎನ್ನುವುದು ಇನ್ನೂ ಇತ್ಯರ್ಥವಾಗಿಲ್ಲ.

ಗೆಳೆಯರಲ್ಲಿ ಒಂದು ಕೋರಿಕೆ. ಮುಂದಿನ ಸಲ ಬರುವಾಗ ಇಪ್ಪತ್ತು ವರದಿ ಒಟ್ಟು ಮಾಡಿರಿ. ಅಕ್ಕನ ಬೀದಿಯ ಇಪ್ಪತ್ತು ತಾಯಂದಿರನ್ನು ಕೂರಿಸಿ, ಅರ್ಧ ಜನರಿಗೆ ಅವರವರ ಮಕ್ಕಳದು, ಅರ್ಧ ಜನರಿಗೆ ಬೇರೆ ಮಕ್ಕಳದು ಓದೋಣ. ಯಾರಿಗೆ ಯಾವುದು ಎಂದು ಓದುವವನಿಗೂ ಗೊತ್ತಿರಬಾರದು. ಮಂಡಕ್ಕಿ ಮೆಣಸಿನಕಾಯಿಯ ಖರ್ಚು ನನ್ನದು.