ಹಸಿರು ಗೆರೆ, ನೀಲಿ ಗೆರೆ

ನಿನ್ನೆ ಮದುವೆ ಊಟಕ್ಕೆ ಕೂತಿದ್ದೆ. ಪಕ್ಕದ ಎಲೆಯ ಹುಡುಗ ಮೊಬೈಲ್ ತಂದು ನನ್ನ ಮೂಗಿಗೇ ಹಿಡಿದ. ಅದರಲ್ಲಿ ಎರಡು ಗೆರೆ. ಹಸಿರು ಗೆರೆ ಶರಿಯಾ ಫಂಡಂತೆ, ಅಂದರೆ ಇಸ್ಲಾಂ ಒಪ್ಪುವ ಷೇರುಗಳಿಗಷ್ಟೇ ದುಡ್ಡು ಹಾಕೋ ಮ್ಯೂಚುವಲ್ ಫಂಡು. ನೀಲಿ ನಿಫ್ಟಿ, ಐವತ್ತು ದೊಡ್ಡ ಕಂಪನಿಗಳ ಷೇರು ಸೂಚ್ಯಂಕ. ಒಂದು ವರ್ಷದ ಲೆಕ್ಕದಲ್ಲಿ ಹಸಿರು ಕೆಳಗಿದೆ. "ನೋಡಿ ಅಂಕಲ್, ಧರ್ಮ ನೋಡ್ಕೊಂಡು ದುಡ್ಡು ಹಾಕಿದ್ರೆ ಹೀಗೇ ಆಗೋದು" ಅಂದ. ನಾನು ಬ್ಯಾಂಕ್ ಕೌಂಟರ್‌ನಲ್ಲಿ ಕೂತು ಸವೆದವನು ಅಂತ ಯಾರೋ ಹೇಳಿರಬೇಕು, ಹೂಂ ಅನ್ನಲಿ ಅಂತ ಕಾಯ್ತಾ ಇದ್ದ. ನಾನು ಸಾರು ಕೇಳಿದೆ.

ತಮಾಷೆ ಏನು ಗೊತ್ತಾ, 2020ರ ಕೊನೆಗೆ ಇದೇ ಚಿತ್ರ ಇನ್ನೊಂದು ಗ್ರೂಪ್‌ನಿಂದ ಬಂದಿತ್ತು. ಆಗ ಹಸಿರು ಮೇಲಿತ್ತು. "ಬಡ್ಡಿ ಮುಟ್ಟದ ದುಡ್ಡಿಗೆ ಬರಕತ್ತು ಜಾಸ್ತಿ" ಅಂತ ಕೆಳಗೆ ಒಂದು ಸಾಲು.

ಅಲ್ರಪ್ಪಾ, ಆ ಡಬ್ಬಿಯೊಳಗೆ ಏನಿದೆ ಅಂತ ಯಾರೂ ಮುಚ್ಚಳ ತೆಗೆದು ನೋಡಲ್ವಾ? ಶರಿಯಾ ಪಟ್ಟಿಯೊಳಗೆ ಮಾಮೂಲಿ ಬ್ಯಾಂಕು, ಫೈನಾನ್ಸ್ ಕಂಪನಿ, ವಿಮೆ ಬರುವ ಹಾಗಿಲ್ಲ. ಬಡ್ಡಿ ವ್ಯವಹಾರ. ಹೆಂಡ, ಸಿಗರೇಟು, ಜೂಜು ಇಲ್ಲ, ಹಾಗಾಗಿ ಐಟಿಸಿ ಹೊರಗೆ. ಮಿತಿ ಮೀರಿ ಸಾಲ ಮಾಡಿದ ಕಂಪನಿಯೂ ಹೊರಗೆ. ನಿಫ್ಟಿ 50ರಲ್ಲಿ ಹೆಚ್ಚು ಕಡಿಮೆ ಮೂರನೇ ಒಂದು ಭಾಗ ಈ ಬ್ಯಾಂಕು-ಫೈನಾನ್ಸೇ. ಅದನ್ನು ಎತ್ತಿಟ್ಟರೆ ಇನ್ಫೋಸಿಸ್, ಟಿಸಿಎಸ್, ಹಿಂದುಸ್ತಾನ್ ಯುನಿಲಿವರ್ ಇಂಥವುಗಳ ತೂಕ ತಾನಾಗೇ ಏರುತ್ತದೆ. 2020ರಲ್ಲಿ ಐಟಿ, ಔಷಧಿ ಕಂಪನಿಗಳು ಓಡಿದವು, ಬ್ಯಾಂಕುಗಳು ಕುಂಟಿದವು. ಹಸಿರು ಮೇಲೆ. 2022ರಲ್ಲಿ ಐಟಿ ಸೂಚ್ಯಂಕ ಸುಮಾರು ಕಾಲು ಭಾಗ ಕರಗಿತು, ಸರ್ಕಾರಿ ಬ್ಯಾಂಕ್ ಷೇರುಗಳು ಹಾರಿದವು. ಹಸಿರು ಕೆಳಗೆ. 2024ರ ಜನವರಿ 17ರಂದು ಎಚ್‌ಡಿಎಫ್‌ಸಿ ಬ್ಯಾಂಕ್ ಷೇರು ಒಂದೇ ದಿನ ಶೇ 8ಕ್ಕಿಂತ ಜಾಸ್ತಿ ಬಿದ್ದು ನಿಫ್ಟಿಯನ್ನೂ ಎಳಕೊಂಡು ಹೋಯಿತು. ಆವತ್ತು ಯಾರ ದೇವರು ಗೆದ್ದ?

ಹೋಲಿಸಲೇಬೇಕು ಅಂದರೆ ಸರಿಯಾಗಿ ಹೋಲಿಸಿ. ಟಾಟಾ ಎಥಿಕಲ್ ಅನ್ನೋ ಶರಿಯಾ ಫಂಡನ್ನು ನಿಫ್ಟಿ 50ರ ಪಕ್ಕ ಇಟ್ಟು ನಗೋದು ಯಾವ ನ್ಯಾಯ? ಅದು ಬರೀ ನಿಫ್ಟಿಯ ಆ 50 ಕಂಪನಿಯೊಳಗೇ ಆರಿಸೋ ಫಂಡ್ ಅಲ್ಲ, ಅದನ್ನು ಅಳೆಯೋಕೆ ಡಿವಿಡೆಂಡ್ ಸೇರಿಸಿದ ನಿಫ್ಟಿ 500 ಶರಿಯಾ ಸೂಚ್ಯಂಕ ಇದೆ. ಆದರೆ ಅದು ಸ್ಕ್ರೀನ್‌ಶಾಟ್‌ನಲ್ಲಿ ಚಂದ ಕಾಣಲ್ಲ.

ದುಡ್ಡು ಹಲವು ಕ್ಷೇತ್ರಕ್ಕೆ ಹಂಚಿಲ್ಲ, ಹರವು ಕಡಿಮೆ, ಅಪಾಯ ಜಾಸ್ತಿ ಅಂತೀರಾ? ಒಪ್ಪಿದೆ. ಆದರೆ ಹೀಗೆ ಹೇಳುವವರ ಎಫ್‌ಡಿ ಬ್ಯಾಂಕಲ್ಲಿ, ಷೇರು ಬ್ಯಾಂಕಿಂದು, ಮೇಲೊಂದು ಬ್ಯಾಂಕಿಂಗ್ ಫಂಡು. ಹರವಿನ ಪಾಠ ನಮಗೆ.

ಈಗ ನನ್ನ ಕಥೆ, ನಗಬೇಡಿ. 2021ರಲ್ಲಿ ಆ ಹಸಿರು ಗೆರೆ ನೋಡಿಯೇ ನಾನೂ ಶರಿಯಾ ಫಂಡಿಗೆ ದುಡ್ಡು ಹಾಕಿದ್ದೆ. ಹಲಾಲ್‌ಗೂ ಜನಿವಾರ ಹಾಕಿದ ನನಗೂ ಏನು ಸಂಬಂಧ? ಒಂದು ವರ್ಷದ ರಿಟರ್ನ್ ನೋಡಿ ಜೊಲ್ಲು ಸುರಿಸಿದೆ, ಅಷ್ಟೇ. 2022ರ ಡಿಸೆಂಬರ್‌ನಲ್ಲಿ ನಷ್ಟಕ್ಕೆ ಮಾರಿ, ಹೆಂಡತಿಗೆ ಮಾರ್ಚ್‌ವರೆಗೂ ಹೇಳಲಿಲ್ಲ.

ನಮ್ಮ ಬ್ರಾಂಚಿಗೆ ಒಬ್ಬ ಟೈಲರ್ ಚಾಚಾ ಬರುತ್ತಿದ್ದರು. ಪಾಸ್‌ಬುಕ್ ಎಂಟ್ರಿ ಆದ ತಕ್ಷಣ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಬಡ್ಡಿಯ ಸಾಲಿಗೆ ಗೆರೆ ಎಳೆಯೋರು. ಅಷ್ಟೇ ರೂಪಾಯಿ ಡ್ರಾ ಮಾಡಿ ಬೇರೆ ಜೇಬಿಗೆ ಹಾಕಿಕೊಂಡು ಹೋಗಿ ಯಾರಿಗಾದರೂ ಕೊಟ್ಟುಬಿಡೋರು. ಅವರಿಗೆ ಈ ಫಂಡಿನ ಫಾರಂ ತುಂಬಿಸಿಕೊಟ್ಟವನು ನಾನೇ. ಹತ್ತು ವರ್ಷದ ರಿಟರ್ನ್ ಪಟ್ಟಿ ಮುಂದೆ ಇಟ್ಟೆ. ನೋಡಲೇ ಇಲ್ಲ.

"ಸಾರ್, ಇದ್ರಲ್ಲಿ ನಿಮ್ಮ ಬ್ಯಾಂಕ್ ಇಲ್ಲ ತಾನೇ?"

"ಇಲ್ಲ ಚಾಚಾ."

"ಎಲ್ಲಿ ಸೈನ್ ಮಾಡ್ಲಿ?"